‘ಚಿಪ್ ಹಾಕಿ ಕೊಡಿ’ ಅನ್ನುವವರಿಗೆ

ಕಾಫಿ ದುಡ್ಡು ಕೈಗೆ ಬರುವ ಸಮಯದಲ್ಲಿ ಕೊಡಗಿನ ಗೋಣಿಕೊಪ್ಪದ ನನ್ನ ರಿಪೇರಿ ಅಂಗಡಿಗೆ ಬರುವವರ ಬಾಯಲ್ಲಿ ಒಂದೇ ಮಾತು. "ಸಾರ್, ಇದಕ್ಕೊಂದು ಚಿಪ್ ಹಾಕಿ ಕೊಡಿ." ತಂದ ಗೇಮ್ ಯಂತ್ರ ಸೋನಿಯ ಪ್ಲೇಸ್ಟೇಷನ್ 4 (ಪಿಎಸ್4) ಇರಲಿ, ಪಿಎಸ್5 ಇರಲಿ, ನಿಂಟೆಂಡೊ ಸ್ವಿಚ್ ಇರಲಿ, ಮಾತು ಬದಲಾಗುವುದಿಲ್ಲ. ಎಷ್ಟು ಗೇಮ್ ಫ್ರೀ ಬರುತ್ತೆ ಅನ್ನೋದು ಎರಡನೇ ಪ್ರಶ್ನೆ. ನಾಳೆ ಸಂಜೆಗೆ ಸಿಗುತ್ತಾ ಅನ್ನೋದು ಮೂರನೇದು.

ಮೊದಲೇ ಹೇಳಿಬಿಡುತ್ತೇನೆ. ನಾನು ಕದ್ದ ಗೇಮ್ ತುಂಬಿಸಿ ಕೊಡುವುದಿಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಅಂತ ಒಂದು ಕಲಂ ಸೇರಿತು. ಹಕ್ಕುದಾರರ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ, ನಕಲು ತಡೆಯಲು ಹಾಕಿದ ಡಿಜಿಟಲ್ ಬೀಗ ಮುರಿದರೆ 2 ವರ್ಷದ ತನಕ ಜೈಲು, ಜೊತೆಗೆ ದಂಡ. ಉದ್ದೇಶ ಬೇರೆ ಇದ್ದರೆ ಲೆಕ್ಕ ಬೇರೆ ಇರಬಹುದು. ನಾನು ವಕೀಲನಲ್ಲ, ಆ ಚರ್ಚೆ ಬೇಕಾದವರು ವಕೀಲರ ಹತ್ತಿರ ಮಾಡಿ. ಆದರೆ ನನಗೆ ಸಿಟ್ಟು ಬರುವುದು ಕಾನೂನಿನ ವಿಷಯಕ್ಕಲ್ಲ. ಈಗಿನ ಯಂತ್ರಗಳಲ್ಲಿ ಕೆಲಸಕ್ಕೆ ಬಾರದ ಆ ಹಳೇ ಥರದ ಚಿಪ್ ಅನ್ನು ಇಷ್ಟು ಜನ ಇಷ್ಟು ವರ್ಷದಿಂದ ಕೇಳುತ್ತಲೇ ಇದ್ದಾರಲ್ಲ, ಅದಕ್ಕೆ.

ಚಿಪ್ ಅನ್ನೋದು ಒಂದು ಕಾಲಕ್ಕೆ ಇತ್ತು, ನಿಜ. 1994ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ನೋಡಿ. ಅದರ ಅಸಲಿ ಡಿಸ್ಕಿನ ಒಳಸುತ್ತಿನಲ್ಲಿ ಗೆರೆ ಸಣ್ಣಗೆ ನಡುಗುವ ಹಾಗೆ ಅಚ್ಚು ಹಾಕಿರುತ್ತಿದ್ದರು. ಆ ನಡುಕದಲ್ಲಿ ನಾಲ್ಕು ಅಕ್ಷರ ಅಡಗಿರುತ್ತಿತ್ತು. ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯುರೋಪಿಗೆ ಎಸ್‌ಸಿಇಇ. ನಮ್ಮ ಮನೆ ಕಂಪ್ಯೂಟರಿನ ಸಿಡಿ ರೈಟರಿಗೆ ಆ ನಡುಕ ಬರೆಯಲು ಬರುತ್ತಿರಲಿಲ್ಲ. ಚಿಪ್ ಮಾಡುತ್ತಿದ್ದ ಕೆಲಸ ಇಷ್ಟೇ: ಡಿಸ್ಕಿನಿಂದ ಬರಬೇಕಾದ ಆ ಅಕ್ಷರಗಳನ್ನು ತಾನೇ ಹೇಳಿಬಿಡುವುದು. ನಕಲಿ ಡಿಸ್ಕೂ ಓಡಿತು, ಜಪಾನಿನಿಂದ ದುಡ್ಡು ಕೊಟ್ಟು ತರಿಸಿದ ಅಸಲಿ ಡಿಸ್ಕೂ ಓಡಿತು. ಪಿಎಸ್2 ಕಾಲದಲ್ಲೂ ಚಿಪ್ ಬೆಸುಗೆ ಹಾಕುವುದು ನಡೆಯಿತು. ನಮ್ಮಲ್ಲಿ ಎಷ್ಟೋ ಜನ ಅದನ್ನೇ ನೋಡಿ ಬೆಳೆದವರು. ಅದಕ್ಕೇ ಆ ಮಾತು ಬಾಯಿಗೆ ಅಂಟಿಕೊಂಡಿದೆ.

ಈಗಿನ ಯಂತ್ರದ ಕಥೆಯೇ ಬೇರೆ. ಆನ್ ಮಾಡಿದ ಕೂಡಲೇ ಒಂದು ಹಂತದ ಸಾಫ್ಟ್‌ವೇರ್ ಮುಂದಿನ ಹಂತದ ಮೇಲೆ ಕಂಪನಿಯ ಡಿಜಿಟಲ್ ಸಹಿ ಇದೆಯೇ ನೋಡುತ್ತದೆ. ಸಹಿ ಸರಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಅಕ್ಷರ ಹೇಳಿ ನುಗ್ಗುವ ಆಟ ಇಲ್ಲಿ ನಡೆಯಲ್ಲ. 2018ರಲ್ಲಿ ಸ್ವಿಚ್‌ನ ಪ್ರೊಸೆಸರ್ ಒಳಗೇ ಈ ತಪಾಸಣೆ ದಾಟಲು ಬಿಡುವ ಒಂದು ದೋಷ ಸಿಕ್ಕಿತ್ತು. ಕಾರ್ಖಾನೆಯಲ್ಲೇ ಬರೆದು ಕೂರಿಸಿದ ಭಾಗದ ದೋಷ ಅದು, ಮಾರಿ ಆದ ಮೇಲೆ ಅಪ್‌ಡೇಟ್ ಕೊಟ್ಟು ಸರಿಮಾಡಲು ಬರುವುದಿಲ್ಲ. ಆಮೇಲೆ ತಯಾರಾದ ಸ್ವಿಚ್‌ಗಳಲ್ಲಿ ಅದನ್ನು ಮುಚ್ಚಿದರು. ಇಂಥದ್ದು ಅಪರೂಪ. ಪಿಎಸ್4ನಂಥದ್ದರಲ್ಲಿ ಬೀಗ ಮುರಿಯಲು ಸಿಗುವ ದಾರಿಗಳು ಸಾಮಾನ್ಯವಾಗಿ ಯಾವುದೋ ಒಂದು ಸಾಫ್ಟ್‌ವೇರ್ ವರ್ಷನ್‌ನಲ್ಲಿ ಉಳಿದ ತಪ್ಪಿನಿಂದ ಆದದ್ದು. ಮುಂದಿನ ಅಪ್‌ಡೇಟ್ ಬಂತು, ದಾರಿ ಮುಚ್ಚಿತು.

ಇಲ್ಲಿಂದ ಮುಂದೆ ದಯವಿಟ್ಟು ನಿಧಾನಕ್ಕೆ ಓದಿ. ಅಪ್‌ಡೇಟ್ ಆದ ಯಂತ್ರ ಹಿಂದಿನ ವರ್ಷನ್‌ಗೆ ವಾಪಸ್ ಹೋಗುವುದಿಲ್ಲ. "ಫ್ಯಾಕ್ಟರಿ ರಿಸೆಟ್ ಮಾಡ್ತೀನಿ ಸಾರ್, ಆಗ ಹಳೇದಾಗುತ್ತಲ್ವಾ?" ಆಗಲ್ಲ. ರಿಸೆಟ್ ಮಾಡಿದರೆ ಹೋಗುವುದು ಯಂತ್ರದೊಳಗಿನ ನಿಮ್ಮ ಗೇಮ್, ನಿಮ್ಮ ಸೇವ್, ನಿಮ್ಮ ಅಕೌಂಟ್. ಮನೆ ಸಾಮಾನೆಲ್ಲ ಹೊರಗೆ ಹಾಕಿದ ಮಾತ್ರಕ್ಕೆ ಬಾಗಿಲಿಗೆ ಹಾಕಿಸಿದ ಹೊಸ ಬೀಗ ಹಳೇ ಬೀಗ ಆಗುತ್ತದೆಯೇ? ಹಾರ್ಡ್ ಡಿಸ್ಕ್ ಬದಲಿಸಿದರೂ ಅಷ್ಟೇ. ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ವರ್ಷನ್ ನಂಬರ್ ಕಾಣುತ್ತದೆ. ರಿಸೆಟ್ ಮಾಡುವ ಮುಂಚೆ ನೋಡಿ, ಮಾಡಿದ ಮೇಲೆ ನೋಡಿ. ಅದೇ ನಂಬರ್ ಇರುತ್ತದೆ.

"ನಾನು ನೆಟ್ಟೇ ಹಾಕಿಲ್ಲ ಸಾರ್, ಅದು ಹೇಗೆ ಅಪ್‌ಡೇಟ್ ಆಯ್ತು?" ಸಿದ್ದಾಪುರ ಕಡೆಯ ಹುಡುಗನೊಬ್ಬ ನನ್ನ ಜೊತೆ ಜಗಳಕ್ಕೇ ನಿಂತಿದ್ದ. ನೆಟ್ ಹಾಕಿರಲಿಲ್ಲ, ನಿಜ. ಹೊಸ ಗೇಮ್ ಡಿಸ್ಕ್ ಹಾಕಿದ್ದ. ಡಿಸ್ಕಿನ ಒಳಗೇ ಅಪ್‌ಡೇಟ್ ಇಟ್ಟಿರುತ್ತಾರೆ. ಪರದೆ ಮೇಲೆ ಕೇಳಿದೆ, ಇವನು ಒತ್ತಿದ್ದಾನೆ. ಹಾಗಂತ ಅಪ್‌ಡೇಟ್ ಕೆಟ್ಟದ್ದು ಅಂತ ಸುಮ್ನೆ ನಿಲ್ಲಿಸಿಬಿಡಬೇಡಿ. ಪಿಎಸ್4 ಒಳಗಿನ ಸಣ್ಣ ಬ್ಯಾಟರಿ ಸತ್ತು, ಆನ್‌ಲೈನ್ ಹೋಗಲು ದಾರಿಯೂ ಇಲ್ಲದಿದ್ದರೆ ನಿಮ್ಮದೇ ಗೇಮ್ ಓಡದೆ ಹೋಗುವ ತೊಂದರೆ ಇತ್ತು. ಅದನ್ನು ಸರಿಪಡಿಸಿದ್ದು 2021ರಲ್ಲಿ ಬಂದ 9.00 ಅಪ್‌ಡೇಟ್. ಮಳೆಗಾಲದಲ್ಲಿ ವಾರಗಟ್ಟಲೆ ನೆಟ್ ಇಲ್ಲದ ನಮ್ಮ ತೋಟದ ಮನೆಗಳಿಗೆ ಅದು ದೊಡ್ಡ ಉಪಕಾರ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಫ್ರೀ ಗೇಮ್ ಬಿಟ್ಟರೆ ಮಾಡ್, ಅಂದರೆ ಯಂತ್ರದಲ್ಲಿ ತಮಗೆ ಬೇಕಾದ ಬದಲಾವಣೆ, ಮಾಡಿಸುವುದು ಯಾಕೆ? ನನ್ನ ಖಾಯಂ ಗಿರಾಕಿಗಳನ್ನು ನೋಡಿದರೆ ಗೊತ್ತಾಗುತ್ತದೆ. ಫ್ರೀ ಗೇಮ್ ಕೇಳಿದವರು ಎರಡನೇ ಸಲ ಬರುವುದೇ ಕಡಿಮೆ. ಮಾಡ್ ಖುಷಿ ಹತ್ತಿದವರು ಬಿಡದೆ ಬರುತ್ತಾರೆ.

ಪೊನ್ನಂಪೇಟೆಯ ಕಾಲೇಜು ಹುಡುಗಿಯೊಬ್ಬಳು ಅವಳ ಮಾವ ದುಬೈನಿಂದ ತಂದಿದ್ದ, ಕೈಯಲ್ಲೇ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್ ಹಿಡಿದು ಬಂದಳು. 2001ರ ಯಂತ್ರ, ಪರದೆಗೆ ಬೆಳಕೇ ಇಲ್ಲ. ಜುಲೈನಲ್ಲಿ ನಮ್ಮಲ್ಲಿ ಮಧ್ಯಾಹ್ನವೇ ಕತ್ತಲೆ, ಅದರಲ್ಲಿ ಏನು ಕಾಣಬೇಕು? ಬೆಳಕಿರುವ ಐಪಿಎಸ್ ಪರದೆ ಅವಳೇ ತರಿಸಿಕೊಂಡಿದ್ದಳು. ಶೆಲ್ (ಹೊರ ಕವಚ) ಕೂಡ ಬೇರೆ, ಕೆಂಪು ಬಣ್ಣದ್ದು. ಒಳಗಿನ ಪ್ಲಾಸ್ಟಿಕ್ ಏಣು ಸ್ವಲ್ಪ ಕತ್ತರಿಸದೆ ಪರದೆ ಕೂರುವುದಿಲ್ಲ. ನಾನು ಬ್ಲೇಡ್ ತೆಗೆದರೆ, "ಅಣ್ಣಾ, ನೀವು ಹೇಳಿ, ನಾನೇ ಕತ್ತರಿಸ್ತೀನಿ" ಅಂದಳು. ಸಂಜೆವರೆಗೆ ನನ್ನ ಮೇಜು ಬಿಟ್ಟುಕೊಡಲಿಲ್ಲ. ಫೋನಿನಲ್ಲಿ ಅದೇ ಗೇಮ್ ಆಡಬಹುದಲ್ಲಮ್ಮಾ ಅಂದರೆ ನನ್ನನ್ನೇ ದಡ್ಡನ ಹಾಗೆ ನೋಡಿದಳು. ಕೂಲಿ ಕೇಳಲು ನನಗೇ ಸಂಕೋಚ ಆಯಿತು, ಆದರೂ ಕೇಳಿದೆ.

ಕೆಲವರಿಗೆ ಸದ್ದಿನ ಕಾಟ. ಹಳೇ ಪಿಎಸ್4 ಫ್ಯಾನ್ ಮೊರೆಯುವುದು ಪೇಟೆಯಲ್ಲಿ ಕೇಳಿಸದೇ ಇರಬಹುದು, ರಾತ್ರಿ ತೋಟದ ಮನೆಯಲ್ಲಿ ಪಕ್ಕದ ಕೋಣೆಯವರಿಗೂ ನಿದ್ದೆ ಇಲ್ಲ. ಪ್ರೊಸೆಸರ್ ಬಿಸಿ ಹೊರಕ್ಕೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ, ದೂಳು ತೆಗೆದು, ಹಾರ್ಡ್ ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಹೊಸ ಯಂತ್ರ ತಂದಷ್ಟೇ ಖುಷಿ. ಪಿಎಸ್4 ಹಾರ್ಡ್ ಡಿಸ್ಕ್ ಬದಲಿಸಲು ಕಂಪನಿಯೇ ಅವಕಾಶ ಇಟ್ಟಿದೆ. ಪಿಎಸ್5 ಮಾತ್ರ ಯೂಟ್ಯೂಬ್ ನೋಡಿ ಬಿಚ್ಚಬೇಡಿ. ಅದರೊಳಗೆ ಪೇಸ್ಟ್ ಇಲ್ಲ, ದ್ರವ ಲೋಹ ಇದೆ. ಒಂದು ಹನಿ ಬೋರ್ಡ್ ಮೇಲೆ ಜಾರಿದರೆ ಶಾರ್ಟ್ ಆಗಬಹುದು.

ಇನ್ನು ಕೆಲವರಿಗೆ ಯಂತ್ರದಿಂದ ಬೇರೆ ಕೆಲಸ ಮಾಡಿಸುವ ಚಟ. ಇವತ್ತು ಟಿವಿಗಳಲ್ಲಿ ಸಿನಿಮಾ ನೋಡಲು ಬಳಸುವ ಕೋಡಿ ಅನ್ನುವ ಸಾಫ್ಟ್‌ವೇರ್ ಹುಟ್ಟಿದ್ದೇ ಮಾಡ್ ಮಾಡಿದ ಮೊದಲ ಎಕ್ಸ್‌ಬಾಕ್ಸ್ ಮೇಲೆ, ಎಕ್ಸ್‌ಬಿಎಂಸಿ ಅನ್ನುವ ಹೆಸರಲ್ಲಿ. ಪಿಎಸ್3ನಲ್ಲಿ ಮೊದಲು ಲಿನಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಹಾಕಲು ಸೋನಿಯೇ ಬಿಟ್ಟಿತ್ತು. ಅಮೆರಿಕದ ವಾಯುಪಡೆ 1,700ಕ್ಕೂ ಜಾಸ್ತಿ ಪಿಎಸ್3 ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿತು. 2010ರ ಏಪ್ರಿಲ್‌ನಲ್ಲಿ ಒಂದು ಅಪ್‌ಡೇಟ್ ಆ ಸೌಲಭ್ಯವನ್ನು ಕಿತ್ತುಕೊಂಡಿತು. ದುಡ್ಡು ಕೊಟ್ಟು ತಂದದ್ದು ನನ್ನದಲ್ವಾ ಅಂತ ಜನ ಕೇಳಿದರು. ನನಗೆ ಆ ಪ್ರಶ್ನೆ ಸರಿ ಅನ್ನಿಸುತ್ತದೆ.

ನನಗೆ ತುಂಬ ಇಷ್ಟವಾದ ಕೆಲಸ ನಾಪೋಕ್ಲು ಕಡೆಯ ಒಬ್ಬರದ್ದು. ಸೇನೆಯಿಂದ ನಿವೃತ್ತರಾದವರು. ಪಾರ್ಶ್ವವಾಯು ಆಗಿ ಎಡಗೈ ಅಷ್ಟಾಗಿ ಆಡುವುದಿಲ್ಲ. ಮೊಮ್ಮಗನ ಜೊತೆ ಫುಟ್‌ಬಾಲ್ ಗೇಮ್ ಆಡಬೇಕು, ಆದರೆ ಕಂಟ್ರೋಲರ್ ಹಿಡಿಯಲು ಎರಡು ಕೈ ಬೇಕು. ಬಟನ್ ಒಳಗೆ ಆಗುವುದು ಎರಡು ತುದಿ ಸೇರುವುದು, ಅಷ್ಟೇ. ಹಳೇ ಎಕ್ಸ್‌ಬಾಕ್ಸ್ 360 ವೈರ್ ಕಂಟ್ರೋಲರ್ ಬಿಚ್ಚಿ, ಎಡಗೈಗೆ ಬೇಕಾದ ಬಟನ್‌ಗಳ ತುದಿಗೆ ಕೂದಲಿನಷ್ಟು ಸಣ್ಣ ವೈರ್ ಬೆಸೆದು ಹೊರಗೆ ತಂದೆ. ಅವರೇ ಹಲಸಿನ ಹಲಗೆ ಕೊಯ್ದು, ಉಜ್ಜಿ, ತೂತು ಕೊರೆದು ತಂದರು. ಅದರಲ್ಲಿ ದೊಡ್ಡ ಆರ್ಕೇಡ್ ಬಟನ್ ಕೂರಿಸಿದೆವು, ಕಾಲಿನಿಂದ ಒತ್ತುವ ಹಾಗೆ. ಆ ವರ್ಷ ಕೊಡವರ ಆಯುಧ ಪೂಜೆ ಹಬ್ಬವಾದ ಕೈಲ್‌ಪೊಳ್ದ್ ದಿನ ನನಗೊಂದು ಫೋಟೋ ಬಂತು. ಕೋವಿಗಳ ಸಾಲಿನಲ್ಲಿ ಆ ಹಲಗೆಯನ್ನೂ ಇಟ್ಟು ಕೋವಿಗೆ ಮುಡಿಸುವ ಹೂವಾದ ತೋಕ್‌ಪೂ ಮುಡಿಸಿದ್ದರು! ಮೊಮ್ಮಗ ಈಗಲೂ ಸೋಲುತ್ತಾನಂತೆ, ಅದನ್ನು ನಾನು ಅಷ್ಟು ನಂಬುವುದಿಲ್ಲ.

ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್ ತಾನಾಗಿ ಸರಿಯುವ ಕಂಟ್ರೋಲರ್ ತರುವವರಿಗೂ ಒಂದು ಮಾತು. ಒಳಗಿನ ಕಾರ್ಬನ್ ಪಟ್ಟಿ ಸವೆಯುವುದರಿಂದ ಹೀಗಾಗುತ್ತದೆ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿದರೆ ಆ ಸವೆತ ಇರುವುದಿಲ್ಲ. ಪಿಎಸ್5ನ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನಲ್ಲಿ ಒಂದೊಂದು ಸ್ಟಿಕ್‌ಗೆ 14 ಪಿನ್ ಬಿಡಿಸಿ ಬೆಸೆಯಬೇಕು, ಹಾಗಾಗಿ ಹತ್ತು ನಿಮಿಷದಲ್ಲಿ ಕೊಡಿ ಅನ್ನಬೇಡಿ.

ಕೊನೆಗೆ ನಮ್ಮ ಊರಿನ ವಿಷಯ. ಮಳೆ ಹಿಡಿದ ಮೇಲೆ ಬೋರ್ಡ್‌ಗಳಲ್ಲಿ ಕಿಲುಬು ಶುರುವಾಗುತ್ತದೆ. ಬೆಚ್ಚಗಿರುವ ಜಾಗ ಅಂತ ಇರುವೆ, ಜಿರಳೆ ಒಳಗೆ ಸಂಸಾರ ಹೂಡುತ್ತವೆ. ಮಾಡ್ ಕೆಲಸ ಇದ್ದರೆ ಮೇ ಒಳಗೆ ತನ್ನಿ. ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡಿ, ಟಿವಿಯಿಂದ ಬರುವ ಎಚ್‌ಡಿಎಂಐ ವೈರ್ ಕೂಡ. ಅರ್ಧ ಬಿಚ್ಚಿ ತರುವವರು ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ತನ್ನಿ, ಉದ್ದದ್ದು ಗಿಡ್ಡದ್ದು ಬೇರೆ ಬೇರೆ. ಮತ್ತೆ ವರ್ಷನ್ ನಂಬರ್ ಬರೆದುಕೊಂಡು ಬನ್ನಿ. ರಿಸೆಟ್ ಮಾಡಿ ತರಬೇಡಿ.