ಒಂದೇ ಚಕ್ರ ಸುಮ್ಮನೆ ತಿರುಗುವಾಗ

ಮಳೆಗಾಲದಲ್ಲಿ ಶಿರಸಿ ಕಡೆ ಸೊಪ್ಪಿನಬೆಟ್ಟಕ್ಕೆ ಹೋದ ಜೀಪು ಸಿಕ್ಕಿಬೀಳುವ ರೀತಿ ಹೆಚ್ಚುಕಮ್ಮಿ ಒಂದೇ. ಅರಲಿನಲ್ಲಿ, ಅಂದರೆ ಕೆಸರಿನಲ್ಲಿರುವ ಹಿಂದಿನ ಎಡಚಕ್ರ ಗಿರ್ರನೆ ತಿರುಗುತ್ತದೆ, ಗಟ್ಟಿ ನೆಲದಲ್ಲಿರುವ ಬಲಚಕ್ರ ಮಿಸುಕುವುದಿಲ್ಲ. ಇಂಜಿನ್ನಿನ ತಪ್ಪಲ್ಲ ಇದು. ಎರಡು ಚಕ್ರಗಳ ನಡುವೆ ಇದ್ದು, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮನಾದ ಟಾರ್ಕ್ (ತಿರುಗಿಸುವ ಬಲ) ಹಂಚುತ್ತದೆ. ಜಾರುವ ಚಕ್ರ 200 ನ್ಯೂಟನ್ ಮೀಟರ್ ಮಾತ್ರ ತಾಳಿದರೆ ಇನ್ನೊಂದಕ್ಕೂ ಅಷ್ಟೇ, ಒಟ್ಟು 400.

ಹಾಗಂತ ಡಿಫರೆನ್ಷಿಯಲ್ಲನ್ನೇ ವೆಲ್ಡ್ ಮಾಡಿಸಿ ಒಂದಾಗಿಸಿದರೆ ದೇವಿಮನೆ ಘಾಟಿಯಲ್ಲಿ ಪೇಚು. ಎರಡು ಚಕ್ರಗಳ ನಡುವೆ ಒಂದೂವರೆ ಮೀಟರ್ ಇದ್ದರೆ, ಪೂರ್ತಿ ಹಿಂದಿರುಗುವ ಒಂದು ತಿರುವಿನಲ್ಲಿ ಹೊರಚಕ್ರ 4.7 ಮೀಟರ್ ಹೆಚ್ಚು ಓಡಬೇಕು. ಜೀಪಿನ ಟೈರಿಗೆ ಅದು ಸುಮಾರು ಎರಡು ಸುತ್ತು. ಆ ಎರಡು ಸುತ್ತನ್ನು ಟೈರು ಸವೆದು ತೀರಿಸಬೇಕು, ಇಲ್ಲವೇ ಆ್ಯಕ್ಸಲ್ ಶಾಫ್ಟು ತಿರುಚಿಕೊಳ್ಳಬೇಕು.

ಒಂದು ಚಕ್ರ ಜಾರುವುದಕ್ಕೆ ಮಿತಿ ಹಾಕುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ನಡುದಾರಿ. ಹೆಲಿಕಲ್ ಗೇರಿನ ಟಾರ್ಸನ್ ಮಾದರಿಯಲ್ಲಿ ಎರಡು ಚಕ್ರಗಳ ಟಾರ್ಕಿನ ಅನುಪಾತ 3:1 ಇದ್ದರೆ, ಜಾರುವ ಚಕ್ರ 200 ತಾಳಿದಾಗ ಇನ್ನೊಂದಕ್ಕೆ 600ರವರೆಗೆ ಹೋಗುತ್ತದೆ. ಒದ್ದೆ ಟಾರ್ ರಸ್ತೆಯ ಕಾರಿಗೆ ಇದಕ್ಕಿಂತ ಹಿತವಾದದ್ದಿಲ್ಲ. ಆದರೆ ಚಕ್ರ ಗಾಳಿಯಲ್ಲಿ ತೇಲಿದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ. ಆಗ ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಎಳೆದು ಹಿಂದಿನ ಚಕ್ರಕ್ಕೆ ಸುಳ್ಳು ಭಾರ ಕೊಡಬೇಕು. ಕ್ಲಚ್ ಪ್ಲೇಟಿನ ಮಾದರಿಗೆ ಸ್ಪ್ರಿಂಗಿನ ಒತ್ತಡ ಮೊದಲೇ ಇರುವುದರಿಂದ ಆ ಕಷ್ಟ ಕಡಿಮೆ, ಆದರೆ ಪ್ಲೇಟು ಸವೆಯುತ್ತದೆ. ಆಯಿಲ್ ಬದಲಿಸಿದ ಮೇಲೆ ತಿರುವಿನಲ್ಲಿ ಗಡಗಡ ಎಂದರೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟುಗಳ ಘರ್ಷಣೆಯನ್ನು ಹದಗೊಳಿಸಲು ಆಯಿಲ್‌ಗೆ ಸೇರಿಸುವ ದ್ರವ) ಹಾಕಲು ಮರೆತಿದ್ದಾರೆ ಎಂದೇ ಮೊದಲು ಅನುಮಾನಿಸಿ. ಅದನ್ನು ಸೇರಿಸಿ, ಬಯಲಿನಲ್ಲಿ ಎಂಟರ ಆಕಾರದಲ್ಲಿ ನಿಧಾನಕ್ಕೆ ಹತ್ತಾರು ಸುತ್ತು ಹಾಕಿದರೆ ಪ್ಲೇಟುಗಳ ನಡುವೆ ಇಳಿಯುತ್ತದೆ. ಸಿಲಿಕೋನ್ ದ್ರವದ ವಿಸ್ಕಸ್ ಮಾದರಿ ಕೆಸರಿಗೆ ತೀರಾ ನಿಧಾನ.

ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವಂತೆ ಪೂರ್ತಿ ಲಾಕ್ ಆಗುವುದರಲ್ಲೂ ಎರಡು ಬಗೆ. ಮಹೀಂದ್ರಾ ಥಾರ್‌ನಲ್ಲಿ ಬರುವ ಈಟನ್ ಕಂಪನಿಯ ಲಾಕರ್, ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ತಾನಾಗಿ ಕಚ್ಚಿಕೊಳ್ಳುತ್ತದೆ. ಹೆದರಿ ಆಕ್ಸಿಲರೇಟರ್ ಬಿಟ್ಟುಬಿಟ್ಟು ಒತ್ತಿದರೆ ಆ ವೇಗ ಮುಟ್ಟದೆ ಚಕ್ರ ಬರೀ ಗುಂಡಿ ತೋಡುತ್ತದೆ. ಒಂದೇ ಸಮ ಒತ್ತಿ ಹಿಡಿಯಬೇಕು. ಫೋರ್ಸ್ ಗೂರ್ಖಾದಲ್ಲಿ ಲಾಕ್ ಚಾಲಕನ ಕೈಯಲ್ಲಿ. ಅರಲಿಗೆ ಇಳಿಯುವ ಮೊದಲೇ ಹಾಕಬಹುದು ಎಂಬುದೇ ಅದರ ದೊಡ್ಡ ಗುಣ, ತೋಟದ ದಾರಿಗೆ ಇದೇ ಮೇಲು. ಗಟ್ಟಿ ನೆಲ ಸಿಕ್ಕ ಕೂಡಲೇ ತೆಗೆಯಿರಿ. ಒಂದು ಕಡೆಗೆ ವಾಲಿದ ಧರೆದಾರಿಯಲ್ಲಂತೂ ಎಚ್ಚರ: ಲಾಕ್ ಇದ್ದಾಗ ಎರಡೂ ಚಕ್ರ ಒಟ್ಟಿಗೆ ಜಾರಿ ಗಾಡಿಯ ಹಿಂಭಾಗ ಕೆಳಕ್ಕೆ ಸರಿಯುತ್ತದೆ. ಲಾಕ್ ಇಲ್ಲದಿದ್ದರೆ ತಿರುಗದೆ ನಿಂತ ಚಕ್ರವೇ ಗಾಡಿಯನ್ನು ಹಿಡಿದಿರುತ್ತದೆ.

ಯಾವ ಮಾದರಿಯಾದರೂ ಹಳ್ಳ ದಾಟುವ ಗಾಡಿಯಲ್ಲಿ ಡಿಫರೆನ್ಷಿಯಲ್ಲಿನ ಹೌಸಿಂಗ್ (ಕವಚ) ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ಕಿಂಡಿ ನೋಡಿಕೊಳ್ಳಿ. ಅದಕ್ಕೆ ಕೆಸರು ಕಟ್ಟಿದ್ದರೆ, ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರು ಹೀರಿಕೊಳ್ಳುತ್ತದೆ. ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳು ಹಾಕಿದಾಗ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕಿದ್ದರೆ ಅವತ್ತೇ ಬದಲಿಸಿ.