ಪಾಸಾದ ಮಾಡೆಲ್‌ಗೆ ಮತ್ತೊಂದು ಪರೀಕ್ಷೆ ಯಾಕೆ?

ಪ್ರಶ್ನೆ: ಕಾಯಿಲೆಯನ್ನು ಮೊದಲೇ ಊಹಿಸುವ ಮಾಡೆಲ್ (ಅಂದರೆ ರೋಗಿಗಳ ಮಾಹಿತಿಯಿಂದ ಕಟ್ಟಿದ ಲೆಕ್ಕ) ಒಂದು ಕಡೆ ಚೆನ್ನಾಗಿ ಕೆಲಸ ಮಾಡಿದೆ ಅಂದಮೇಲೆ, ಬೇರೆ ರೋಗಿಗಳ ಮೇಲೆ ಮತ್ತೆ ಯಾಕೆ ಪರೀಕ್ಷಿಸಬೇಕು?

ಅಮೆರಿಕದ ಮಿಶಿಗನ್‌ನಲ್ಲಿ ಏನಾಯ್ತು ನೋಡಿ. ಅಮೆರಿಕದ ನೂರಾರು ಆಸ್ಪತ್ರೆಗಳು ಎಪಿಕ್ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ರೋಗಿಗಳ ದಾಖಲೆ ಇಡುತ್ತವೆ. ಸೆಪ್ಸಿಸ್ ಬರುವುದನ್ನು ಮುಂಚೆಯೇ ಹೇಳುವ ಮಾಡೆಲ್ ಕೂಡ ಅದರಲ್ಲೇ ಇದೆ. ಸೋಂಕಿಗೆ ದೇಹದ ಪ್ರತಿಕ್ರಿಯೆ ವಿಪರೀತಕ್ಕೆ ಹೋಗಿ ಕಿಡ್ನಿ, ಶ್ವಾಸಕೋಶಗಳಿಗೇ ಕುತ್ತು ಬರುವ ಸ್ಥಿತಿ ಸೆಪ್ಸಿಸ್. ಒಂದೊಂದು ಗಂಟೆಯೂ ಮುಖ್ಯ.

ಕಂಪನಿ ಹೇಳಿದ್ದ ಅಂಕ 0.76ರಿಂದ 0.83. ಸೆಪ್ಸಿಸ್ ಆದವರೊಬ್ಬರು, ಆಗದವರೊಬ್ಬರು, ಹೀಗೆ ಇಬ್ಬರನ್ನು ಸುಮ್ನೆ ಆರಿಸಿ ಮಾಡೆಲ್‌ಗೆ ಕೊಡಿ. ಆದವರಿಗೇ ಅಪಾಯ ಜಾಸ್ತಿ ಎಂದು ಅದು ಎಷ್ಟು ಸಲ ಸರಿಯಾಗಿ ಹೇಳುತ್ತದೆ ಎಂಬುದೇ ಈ ಅಂಕ. ನಾಣ್ಯ ಚಿಮ್ಮಿ ಹೇಳಿದರೂ 0.5 ಸಿಗುತ್ತದೆ!

ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮಲ್ಲಿನ 38,455 ದಾಖಲಾತಿಗಳ (ರೋಗಿ ಒಂದು ಸಲ ಅಡ್ಮಿಟ್ ಆದರೆ ಒಂದು ದಾಖಲಾತಿ) ಮೇಲೆ ಅದನ್ನು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಕ 0.63ಕ್ಕೆ ಇಳಿದಿತ್ತು. ಸೆಪ್ಸಿಸ್ ಆಗಿದ್ದು 2,552 ಸಲ, ಮಾಡೆಲ್ ಹಿಡಿದದ್ದು 843. ಹಾಗಂತ ಅದು ಸುಮ್ಮನೆ ಕೂತಿರಲಿಲ್ಲ. 6,971 ದಾಖಲಾತಿಗಳಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅಂದರೆ ಒಂದು ನಿಜವಾದ ಎಚ್ಚರಿಕೆಗೆ ಏಳು ಸುಳ್ಳು. ರಾತ್ರಿ ಪಾಳಿಯ ನರ್ಸ್ ನಾಲ್ಕನೇ ಸಲಕ್ಕೆ ಓದದೇ ಅದನ್ನು ಮುಚ್ಚಿಬಿಟ್ಟರೆ ಬೈಯೋಕಾಗುತ್ತಾ?

ಇನ್ನೊಂದು ತಮಾಷೆ ಇದೆ. ಡಾಕ್ಟರು ಆಂಟಿಬಯೋಟಿಕ್ ಬರೆದದ್ದನ್ನೂ ಮಾಡೆಲ್ ಒಂದು ಸುಳಿವಾಗಿ ಬಳಸುತ್ತಿತ್ತು. ಡಾಕ್ಟರಿಗೆ ಆಗಲೇ ಅನುಮಾನ ಬಂದಿದೆ ಅಂತ ತಾನೇ ಅದರರ್ಥ? ಕಳ್ಳ ಸಿಕ್ಕಿಬಿದ್ದ ಮೇಲೆ ನಾಯಿ ಬೊಗಳಿದ ಹಾಗಾಯ್ತು.

ಈ ಅಂಕ ಚೆನ್ನಾಗಿದ್ದರೂ ಸಾಲದು. ನೂರು ಜನರಿಗೆ ತಲಾ 20% ಅಪಾಯ ಎಂದು ಮಾಡೆಲ್ ಹೇಳಿದರೆ, ಹೆಚ್ಚುಕಡಿಮೆ 20 ಜನರಿಗೆ ಕಾಯಿಲೆ ಬಂದಿರಬೇಕು, ಅಲ್ವಾ? ಫ್ರಾಮಿಂಗ್‌ಹ್ಯಾಮ್ ಲೆಕ್ಕ ಎಡವಿದ್ದು ಇಲ್ಲೇ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ 5,209 ಜನರನ್ನು ಇಟ್ಟುಕೊಂಡು 1948ರಲ್ಲಿ ಶುರುವಾದ ಅಧ್ಯಯನದಿಂದ ಹೃದಯದ ಕಾಯಿಲೆಯ ಅಪಾಯ ಅಳೆಯುವ ಲೆಕ್ಕ ಹುಟ್ಟಿತು. ಅದನ್ನೇ ಬ್ರಿಟನ್‌ನಲ್ಲಿ ಬಳಸಿದಾಗ ಅಲ್ಲಿನ ಗಂಡಸರಿಗೆ ಇದ್ದದ್ದಕ್ಕಿಂತ ಜಾಸ್ತಿ ಅಪಾಯ ತೋರಿಸಿತು. ಬ್ರಿಟನ್‌ನವರು ತಮ್ಮ ರೋಗಿಗಳ ಮಾಹಿತಿಯಿಂದಲೇ ಕ್ಯೂರಿಸ್ಕ್ ಎಂಬ ಹೊಸ ಲೆಕ್ಕ ಕಟ್ಟಿ 2007ರಲ್ಲಿ ಹೊರತಂದರು.

ಎಪಿಕ್ ಕೂಡ ಆಮೇಲೆ ಅದೇ ದಾರಿ ಹಿಡಿಯಿತು. 2022ರಲ್ಲಿ ಮಾಡೆಲ್ ತಿದ್ದಿ, ಬಳಸುವ ಮುಂಚೆ ಆಯಾ ಆಸ್ಪತ್ರೆಯ ಮಾಹಿತಿಯಿಂದಲೇ ಅದನ್ನು ಕಲಿಸಿಕೊಳ್ಳಿ ಎಂದಿತು.