ಕೊಡಗಿನ ಹೋಂಸ್ಟೇ: ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ

ಕೊಡಗಿನಲ್ಲಿ ಹೋಂಸ್ಟೇ ಮಾತು ತೆಗೆದರೆ ಸಾಕು, ಚರ್ಚೆ ಬಿಸಿಯಾಗುತ್ತದೆ. ಅದರಿಂದಲೇ ಊರು ಉಳಿಯಿತು ಅಂತ ಒಬ್ಬರು, ಅದರಿಂದಲೇ ಕೆಟ್ಟಿತು ಅಂತ ಇನ್ನೊಬ್ಬರು. ನೋಂದಣಿ, ಜಿಎಸ್‌ಟಿ, ಭೂ ಪರಿವರ್ತನೆ, ಕಸ, ರಾತ್ರಿ ಡಿಜೆ ಎಲ್ಲ ಸೇರಿ ಈಗ ಗೋಜಲೋ ಗೋಜಲು. ಈ ಗಂಟು ಬಿಡಿಸಬೇಕಾದರೆ ಕಾಫಿಯಿಂದ ಶುರು ಮಾಡಬೇಕು.

ಬ್ರಿಟಿಷರು 1850ರ ದಶಕದಲ್ಲಿ ಮಡಿಕೇರಿ ಸುತ್ತ ತೋಟ ಹಾಕಿದರು. ಆಮೇಲಾಮೇಲೆ ಸಣ್ಣ ಬೆಳೆಗಾರರೂ ಕಾಫಿಗೆ ಇಳಿದರು. ಇವತ್ತು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಪುಟ್ಟ ಜಿಲ್ಲೆಯದ್ದು. ಬೆಳೆಗಾರರು ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಗೆ ಒಪ್ಪಿಸಿ, ಮಂಡಳಿಯೇ ಒಟ್ಟಾಗಿ ಮಾರುವ ಪೂಲ್ ವ್ಯವಸ್ಥೆ ಇದ್ದಷ್ಟು ಕಾಲ ದುಡ್ಡು ಕಂತಿನಲ್ಲಿ ಬರುತ್ತಿತ್ತು. ತಡವಾದರೂ ಬರುತ್ತಿತ್ತು. ಯಾವ ದೇಶ ಎಷ್ಟು ರಫ್ತು ಮಾಡಬೇಕು ಅಂತ ಹೇಳುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ 1989ರಲ್ಲಿ ಮುರಿದುಬಿತ್ತು, 90ರ ದಶಕದಲ್ಲಿ ಬೆಳೆಗಾರರು ತಾವೇ ಮಾರುವಂತೆ ಮಾರುಕಟ್ಟೆ ಮುಕ್ತವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟುಹೋದಾಗ ಇಲ್ಲಿ ರೇಟು ಆಕಾಶಕ್ಕೆ ಹೋಯಿತು. ಹೊಸ ಜೀಪು ಬಂತು, ಹೊಸ ಮನೆ ಎದ್ದಿತು. ಅದೇ ದಶಕ ಮುಗಿಯುವ ಹೊತ್ತಿಗೆ ವಿಯೆಟ್ನಾಂ ರಾಶಿ ರಾಶಿ ರೊಬಸ್ಟಾ ತಳಿಯ ಕಾಫಿ ಬೆಳೆಯಿತು, ರೇಟು ಪಾತಾಳಕ್ಕೆ ಇಳಿಯಿತು. 2001–02ರಲ್ಲಿ ಎಷ್ಟೋ ತೋಟಗಳಿಗೆ ಕೊಯ್ಲಿನ ಕೂಲಿ ಕೊಟ್ಟರೆ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಆಗ ತೋಟದ ಮನೆಗಳ ಪರಿಸ್ಥಿತಿ ನೋಡಿ. ದೊಡ್ಡ ಮನೆ, ಒಳಗೆ ವಯಸ್ಸಾದ ದಂಪತಿ. ಮಕ್ಕಳು ಬೆಂಗಳೂರಿನಲ್ಲಿ ಕೆಲಸ. ಮೂರು ಕೋಣೆ ಖಾಲಿ. ಬ್ಯಾಂಕ್ ಸಾಲದ ನೋಟಿಸ್ ಬೇರೆ. ಇತ್ತ ಬೆಂಗಳೂರಿನ ಐಟಿ ಹುಡುಗರ ಕೈಗೆ ಸಂಬಳ ಬಂತು, ಎರಡು ದಿನ ರಜೆ ಸಿಕ್ಕಿತು. ಇವೆರಡೂ ಒಂದಕ್ಕೊಂದು ಸಿಕ್ಕಿದ್ದೇ ಹೋಂಸ್ಟೇ. ಮೊದಮೊದಲು ಬಂದವರು ಗೆಳೆಯರ ಗೆಳೆಯರು. ದುಡ್ಡು ಕೇಳೋದಕ್ಕೇ ಮನೆಯವರಿಗೆ ಸಂಕೋಚ. ಮನೆಗೆ ಬಂದ ನೆಂಟರ ಹತ್ತಿರ ಬಿಲ್ ಹಿಡಿದು ನಿಲ್ಲೋದು ಹೇಗೆ, ಅಲ್ವಾ?

ಸಂಕೋಚ ಬೇಗ ಹೋಯಿತು. ಹೆಚ್ಚಿನ ಕಡೆ ಇದನ್ನು ನಡೆಸಿದ್ದು ಮನೆಯ ಹೆಂಗಸರು. ತೋಟದ ಲೆಕ್ಕ ಗಂಡಸರ ಕೈಯಲ್ಲಿತ್ತು, ಈ ದುಡ್ಡು ಮಾತ್ರ ಇವರ ಕೈಗೆ ಬಂತು. ಕಾಫಿ ದುಡ್ಡು ವರ್ಷಕ್ಕೊಮ್ಮೆ, ಇದು ವಾರವಾರ. ಒಂದು ಮನೆಗೆ ಶನಿವಾರ ನಾಲ್ಕು ಜನ ಬಂದರು ಅಂದುಕೊಳ್ಳಿ. ಪಂದಿ ಕರಿಗೆ (ಹಂದಿ ಸಾರು) ಮಾಂಸ ಪಕ್ಕದ ಊರಿನ ಅಂಗಡಿಯದ್ದು, ಕಡಂಬುಟ್ಟಿಗೆ (ಅಕ್ಕಿ ತರಿಯ ಉಂಡೆ) ತರಿ ಮನೆ ಹತ್ತಿರದ ಗಿರಣಿಯದ್ದು. ಅಡುಗೆಗೆ ಕೈ ಜೋಡಿಸಲು ಲೈನ್ ಮನೆಯಿಂದ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಯಿಂದ, ಒಬ್ಬರು. ಬೆಳಿಗ್ಗೆ ಮಾಂದಲ್‌ಪಟ್ಟಿ ಬೆಟ್ಟಕ್ಕೆ ಹೋಗಲು ಬಾಡಿಗೆ ಜೀಪು. ಹೊರಡುವಾಗ ಅತಿಥಿಗಳ ಚೀಲಕ್ಕೆ ಕಾಳುಮೆಣಸು, ಜೇನು, ಮನೆಯಲ್ಲೇ ಹುರಿದ ಕಾಫಿ ಪುಡಿ. ಈ ಪುಡಿಯ ಲೆಕ್ಕ ಸಣ್ಣದಲ್ಲ. ಅದೇ ಬೀಜವನ್ನು ಮೂಟೆಗಟ್ಟಲೆ ಮಾರಿದರೆ ರೇಟು ದೂರದ ಲಂಡನ್‌ ಮಾರುಕಟ್ಟೆಯಲ್ಲಿ ನಿಗದಿಯಾಗುತ್ತದೆ. ಮನೆ ಜಗಲಿಯಲ್ಲಿ ಮಾರಿದರೆ ಮನೆಯಾಕೆ ಹೇಳಿದ್ದೇ ರೇಟು.

ಸರ್ಕಾರ ಬಂದದ್ದು ಸ್ವಲ್ಪ ತಡವಾಗಿ. ಕೇಂದ್ರದ ಹೋಂಸ್ಟೇ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಹೆಚ್ಚೆಂದರೆ ಹನ್ನೆರಡು ಹಾಸಿಗೆ ಅಂತ ಮಿತಿ ಹಾಕಿದರು. ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸ ಇರಬೇಕು ಅಂತಲೂ ಹೇಳಿದರು. ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಈ ಕೊನೆಯ ಷರತ್ತಿನಲ್ಲಿದೆ. ಮನೆಯವರು ಇದ್ದರೆ ಮೇಲೆ ಹೇಳಿದ ಖರ್ಚೆಲ್ಲ ಊರಿನಲ್ಲೇ ಸುತ್ತುತ್ತದೆ. ಸದ್ದಿಗೂ ಒಂದು ಮಿತಿ ಇರುತ್ತದೆ, ಯಾಕೆಂದರೆ ಪಕ್ಕದ ಕೋಣೆಯಲ್ಲಿ ಅಜ್ಜಿ ಮಲಗಿರುತ್ತಾರೆ!

ಬುಕಿಂಗ್ ಮೊಬೈಲ್‌ಗೆ ಬಂದ ಮೇಲೆ ಈ ಷರತ್ತಿನ ಪಾಲನೆ ಸಡಿಲವಾಯಿತು. ಮನೆಯನ್ನು ಲೀಸಿಗೆ ಕೊಟ್ಟು ಪೇಟೆಯಲ್ಲಿ ಕೂರುವುದು ಸುಲಭವಾಯಿತು. ಲೀಸಿಗೆ ಹಿಡಿದವರಿಗೆ ಮೂರು ಕೋಣೆ ಸಾಲದು. ಹತ್ತು ಬೇಕು, ಈಜುಕೊಳ ಬೇಕು, ಗುಡ್ಡದ ಅಂಚಿನಲ್ಲಿ ವ್ಯೂ ಬೇಕು. ಕೆಲಸದವರು ಹೊರಗಿನವರು, ದಿನಸಿ ಮೈಸೂರಿನಿಂದ. ಬೋರ್ಡಿನ ಮೇಲೆ ಮಾತ್ರ ಹಳೆಯ ಹೆಸರೇ, ಹೋಂಸ್ಟೇ. ಹಾಗಂತ ಲೀಸಿಗೆ ಕೊಟ್ಟವರನ್ನು ಬೈಯುವುದೂ ಕಷ್ಟ. ಎಪ್ಪತ್ತು ದಾಟಿದವರು ಇನ್ನೆಷ್ಟು ದಿನ ಒಲೆ ಮುಂದೆ ನಿಲ್ಲಬೇಕು?

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಜೀವಗಳೇ ಹೋದವು, ಮನೆ ತೋಟ ಎಲ್ಲ ಮಣ್ಣಾಯಿತು. ಇಳಿಜಾರು ಕಡಿದು ಸಮ ಮಾಡಿದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದರು. ರಸ್ತೆಗೆ ಕಡಿದದ್ದೂ ಇತ್ತು, ಕಟ್ಟಡಕ್ಕೆ ಕಡಿದದ್ದೂ ಇತ್ತು. ಪ್ರವಾಸಿಗರನ್ನು ಕೆಲ ಕಾಲ ತಡೆದರು. ಆಗ ಸುಮ್ನೆ ಕೂತದ್ದು ಹೋಂಸ್ಟೇ ಮಾಲೀಕರಷ್ಟೇ ಅಲ್ಲ. ಜೀಪಿನವರು, ಮಾಂಸದಂಗಡಿಯವರು, ಬಟ್ಟೆ ಒಗೆಯುವವರು ಎಲ್ಲರೂ ಕೂತರು. ಈ ದುಡ್ಡು ಎಷ್ಟು ಮನೆಗೆ ಹೋಗುತ್ತಿತ್ತು ಅನ್ನುವುದು ಅದು ನಿಂತಾಗಲೇ ಗೊತ್ತಾಗಿದ್ದು. ಕೋವಿಡ್‌ನಲ್ಲಿ ಮತ್ತೆ ಅದೇ ಕಥೆ.

ಆಮೇಲೆ ಎಲ್ಲ ಬೇಗ ಬೇಗ. 2022ರ ಜುಲೈವರೆಗೆ ದಿನಕ್ಕೆ 1,000 ರೂಪಾಯಿ ಒಳಗಿನ ಕೋಣೆಗೆ ಜಿಎಸ್‌ಟಿ ಇರಲಿಲ್ಲ, ಆ ವಿನಾಯಿತಿ ಹೋಯಿತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ದಾರಿ ಸಲೀಸಾಯಿತು, ವಾರಾಂತ್ಯದ ಕಾರುಗಳು ಜಾಸ್ತಿಯಾದವು.

ಈಗ ಇನ್ನೊಂದು ತಿರುವು. 2024ರಿಂದ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತು. ಕಾಫಿ ಬಿದ್ದದ್ದಕ್ಕೆ ತೆರೆದ ಬಾಗಿಲು, ಕಾಫಿ ಎದ್ದ ಮೇಲೆ ಮುಚ್ಚಲಿಲ್ಲ. ತೊಂದರೆ ಬರುವುದು ಡಿಸೆಂಬರ್ ಕೊನೆಯಲ್ಲಿ. ಕ್ರಿಸ್‌ಮಸ್, ಹೊಸ ವರ್ಷದ ಅತಿಥಿಗಳು ತುಂಬುವುದೂ ಆಗಲೇ, ತೋಟದಲ್ಲಿ ಹಣ್ಣು ಕೊಯ್ಯಬೇಕಾದದ್ದೂ ಆಗಲೇ. ಲೈನ್ ಮನೆಯಿಂದ ಬರುವ ಹೆಂಗಸು ಒಬ್ಬರೇ. ಅವರನ್ನು ಬೆಳಿಗ್ಗೆ ಎಲ್ಲಿಗೆ ಕಳಿಸುವುದು ಅಂತ ಈಗ ಮನೆಯೊಳಗೇ ಚರ್ಚೆ.